ಬ್ಲೂಬೆರಿ: ಗಿಡ ತರುವ ಮುನ್ನ ಮಣ್ಣು ನೋಡಿ

ಬ್ಲೂಬೆರಿ ಗಿಡ ಸೊರಗಿದರೆ ಗೊಬ್ಬರ ಸಾಲಲಿಲ್ಲವೆಂದು ಇನ್ನಷ್ಟು ಹಾಕುವವರೇ ಹೆಚ್ಚು. ತೊಂದರೆ ಸಾಮಾನ್ಯವಾಗಿ ಇರುವುದು ಮಣ್ಣಿನ ರಸಸಾರದಲ್ಲಿ. ಬ್ಲೂಬೆರಿಗೆ ಬೇಕಾದ ಪಿಎಚ್ (ರಸಸಾರದ ಅಳತೆ, ಅಂಕ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5. ತರಕಾರಿಗೆ ಒಗ್ಗುವ ಮಣ್ಣು ಇದಕ್ಕೆ ಆಗಿಬರುವುದಿಲ್ಲ. ಅಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕದೆ, ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲಿ ಪ್ರಕಟಿಸಿದ ಪ್ರಯೋಗಗಳು ಹುಳಿ ಮಣ್ಣಿನ ಈ ಅಗತ್ಯವನ್ನು ತೋರಿಸಿದವು. ಕಾಡಿನ ಬ್ಲೂಬೆರಿ ತೋಟದ ಬೆಳೆಯಾದದ್ದು ಆಮೇಲೆ.

ನಾನು ಮೊದಲು ಒಣಮಣ್ಣಿನ ಮೇಲೆ ವಿನೆಗರ್ ಹನಿಸಿ ನೋಡುತ್ತೇನೆ. ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣವಿದೆ. ಹುಳಿ ಹೆಚ್ಚಿಸಲು ಗಂಧಕ ಎಷ್ಟು ಸುರಿದರೂ ಆ ಸುಣ್ಣ ನುಂಗಿಹಾಕುತ್ತದೆ, ಕುಂಡವೇ ವಾಸಿ. ನೊರೆ ಬಾರದಿದ್ದರೆ ಪಿಎಚ್ ಅಳೆದು ಗಂಧಕದ ಪುಡಿ ಬೆರೆಸುತ್ತೇನೆ. ಒಂದು ಅಂಕ ಇಳಿಸಲು ಚದರ ಮೀಟರಿಗೆ ಮರಳುಮಣ್ಣಾದರೆ ಸುಮಾರು 40 ಗ್ರಾಂ, ಗೋಡುಮಣ್ಣಾದರೆ 120 ಗ್ರಾಂ. ಗಂಧಕವನ್ನು ಆಮ್ಲವಾಗಿಸುವುದು ಮಣ್ಣಿನ ಬ್ಯಾಕ್ಟೀರಿಯಾ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ನೆಡುವುದಕ್ಕೆ ಕನಿಷ್ಠ ಆರು ತಿಂಗಳ ಮೊದಲೇ ಬೆರೆಸಿಡಬೇಕು. ಅಲ್ಯೂಮಿನಿಯಂ ಸಲ್ಫೇಟ್ ಬೇಗ ಕೆಲಸ ಮಾಡುತ್ತದೆ, ಆದರೆ ಹೆಚ್ಚಾದರೆ ಬೇರಿಗೆ ವಿಷ, ನಾನು ಬಳಸುವುದಿಲ್ಲ.

ಕುಂಡವಾದರೆ 40 ಲೀಟರಿನದು. ಪೀಟ್ ಮಾಸ್ (ಜೌಗಿನ ಪಾಚಿ ಕೊಳೆತು ಆದ ಹುಳಿ ಪದಾರ್ಥ) ಎರಡು ಪಾಲು, ಪೈನ್ ತೊಗಟೆಯ ಚೂರು ಎರಡು ಪಾಲು, ಪರ್ಲೈಟ್ (ಉಬ್ಬಿಸಿದ ಹಗುರ ಕಲ್ಲುಹರಳು) ಒಂದು ಪಾಲು. ಒಣ ಪೀಟ್ ನೀರನ್ನು ಜಾರಿಸಿಬಿಡುತ್ತದೆ, ಹಿಂದಿನ ದಿನವೇ ನೆನೆಸಿ ಕಲಸಿಡಿ.

ನರ್ಸರಿಯಿಂದ ಬಂದ ಗಿಡದ ಬೇರುಂಡೆಯನ್ನು ಹಾಗೆಯೇ ಇಳಿಸಬೇಡಿ. ಈ ಬೇರುಗಳು ನೂಲಿನಂತೆ ಸಣ್ಣ, ಬೇರುಕೂದಲೇ ಇಲ್ಲ, ಉಂಡೆ ಬಿಟ್ಟು ಹೊರಗೆ ಹಬ್ಬುವ ಶಕ್ತಿ ಕಡಿಮೆ. ತಳವನ್ನು ಒಂದು ಬೆರಳಿನಷ್ಟು ಸೀಳಿ, ಬದಿಗಳನ್ನು ಬಿಡಿಸಿ, ಮೊದಲಿದ್ದ ಆಳದಲ್ಲೇ ನೆಡುತ್ತೇನೆ. ಇಲ್ಲವಾದರೆ ಸುತ್ತಲ ಮಣ್ಣು ಒದ್ದೆಯಿದ್ದರೂ ಉಂಡೆಯ ನಡು ಒಣಗಿಯೇ ಇರುತ್ತದೆ. ಬುಡದಿಂದ ಸ್ವಲ್ಪ ಬಿಟ್ಟು 8 ಸೆಂಟಿಮೀಟರ್ ದಪ್ಪಕ್ಕೆ ತೊಗಟೆ ಅಥವಾ ಮರದ ಹೊಟ್ಟಿನ ಹೊದಿಕೆ ಹಾಸಬೇಕು. ಮೇಲ್ಪದರದಲ್ಲೇ ಬೇರು ಇರುವುದರಿಂದ ಬುಡ ಅಗೆದು ಕಳೆ ತೆಗೆಯಬಾರದು.

ಇಷ್ಟು ಮಾಡಿಯೂ ಕೆಡುವುದು ನೀರಿನಿಂದ. ಗಡಸು ನೀರಿನ ಬೈಕಾರ್ಬೊನೇಟ್ ಪ್ರತಿ ಸಲವೂ ಪಿಎಚ್ ಏರಿಸುತ್ತದೆ, ಕುಂಡದಲ್ಲಂತೂ ಬಹಳ ಬೇಗ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಸಿಗದಿದ್ದರೆ ಪಿಎಚ್ ಅಳೆಯುವ ಕಾಗದದ ಪಟ್ಟಿ ಅದ್ದಿ ನೋಡುತ್ತ, ಪಿಎಚ್ 5ರ ಸುಮಾರಿಗೆ ಇಳಿಯುವವರೆಗೆ ಸಿಟ್ರಿಕ್ ಆಮ್ಲ ಸ್ವಲ್ಪಸ್ವಲ್ಪವೇ ಬೆರೆಸಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಜೇಡಿಮಣ್ಣಿದ್ದಲ್ಲಿ ಏರುಮಡಿ ಮಾಡಲೇಬೇಕು.

ಸಾರಜನಕವನ್ನು ಈ ಗಿಡ ಅಮೋನಿಯಂ ರೂಪದಲ್ಲಿ ಚೆನ್ನಾಗಿ ಹೀರುತ್ತದೆ. ನೆಟ್ಟು ಬೇರು ಹಿಡಿದ ಮೇಲೆ ಮೊದಲ ವರ್ಷ ಗಿಡಕ್ಕೆ ಒಟ್ಟು 30 ಗ್ರಾಂ ಅಮೋನಿಯಂ ಸಲ್ಫೇಟ್ ಎರಡು ಕಂತಿನಲ್ಲಿ ಕೊಟ್ಟರೆ ಸಾಕು. ಸುಣ್ಣ, ಬೂದಿ, ಹಸಿ ಕೊಟ್ಟಿಗೆ ಗೊಬ್ಬರ ಬೇಡ.

ಮೊದಲ ಎರಡು ವರ್ಷ ಹೂ ಕಿತ್ತುಹಾಕುತ್ತೇನೆ. ಮನಸ್ಸಾಗದ ಕೆಲಸ, ಆದರೂ ಕಾಂಡ ಬಲಿಯಲು ಬೇಕೇ ಬೇಕು. ಒಂದೇ ಕಾಲಕ್ಕೆ ಹೂಬಿಡುವ ಎರಡು ತಳಿ ಜೊತೆಗಿದ್ದರೆ ಕಾಯಿ ದಪ್ಪ. ಚಳಿ ಕಡಿಮೆಯಿರುವ ಕಡೆ ಸದರ್ನ್ ಹೈಬುಷ್ ತಳಿಗಳನ್ನೇ ಆರಿಸಿ. ಚಳಿನಾಡಿನ ತಳಿಯಾದ ನಾರ್ದರ್ನ್ ಹೈಬುಷ್‌ಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ಒಟ್ಟು ಸುಮಾರು 800 ಗಂಟೆಯಾದರೂ ಬೇಕು.

ಹಣ್ಣು ನೀಲಿಯಾದ ತಕ್ಷಣ ಕೀಳಬೇಡಿ. ತೊಟ್ಟಿನ ಸುತ್ತ ಕೆಂಪು ಉಂಗುರ ಕಂಡರೆ ಇನ್ನೂ ಹುಳಿಯೇ, ಕಿತ್ತ ಮೇಲೆ ಸಿಹಿ ಏರುವುದಿಲ್ಲ. ನಾಲ್ಕೈದು ದಿನ ಬಿಟ್ಟು ಹೆಬ್ಬೆರಳಿನಿಂದ ಉರುಳಿಸಿದರೆ ತಾನೇ ಉದುರಬೇಕು. ಹಕ್ಕಿ ತಿನ್ನದಂತೆ ಬಲೆ ಕಟ್ಟಿರಿ, ಅದೂ ಕಾಯಿ ಬಣ್ಣ ತಿರುಗುವ ಮೊದಲೇ.