ಹತ್ತಕ್ಕೆ ಹತ್ತು ಅಂದ್ರೆ ಪಾಸಾ?

"ಓದು ಬರಹ ಬಾರದ ಅಜ್ಜಿ ಹೇಳಿದ ನಂಬರ್ ನಂಬಿಕೊಂಡು ಮಾತ್ರೆ ಬದಲಾಯಿಸ್ತೀರಾ?" ಅಂತ ಹಿರಿಯ ಡಾಕ್ಟರೊಬ್ಬರು ತುಂಬಿದ ಮೀಟಿಂಗಿನಲ್ಲಿ ನನ್ನನ್ನು ಕೇಳಿದ್ದರು. ಮೂರು ವರ್ಷದ ಹಿಂದಿನ ಮಾತು. ಹೋದ ತಿಂಗಳು ಅವರೇ ಫೋನ್ ಮಾಡಿ ಸಂಧಿವಾತದ ರೋಗಿಗಳನ್ನೇ ಕೇಳಿ ಅಂಕ ಹಾಕುವ ನಮ್ಮ ಕನ್ನಡ ಪ್ರಶ್ನೆಗಳ ಹಾಳೆಯ ನೂರು ಪ್ರತಿ ಬೇಕು ಅಂದರು. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮಂಗಳವಾರ ಮಾತ್ರ ನಡೆಯುವ ಸಂಧಿವಾತದ ಒಪಿಡಿ. ಐವತ್ತು ಅರವತ್ತು ಜನ ಬರುತ್ತಾರೆ. ಒಬ್ಬೊಬ್ಬರ 28 ಕೀಲು ಒತ್ತಿ ನೋಡಿ, ಇಎಸ್‌ಆರ್ (ಉರಿಯೂತ ಎಷ್ಟಿದೆ ಅಂತ ಹೇಳುವ ರಕ್ತ ಪರೀಕ್ಷೆ) ರಿಪೋರ್ಟಿಗೆ ಕಾದು, ರೋಗ ಎಷ್ಟು ಜೋರಾಗಿದೆ ಅನ್ನುವ ಡಿಎಎಸ್ 28 ಅಂಕ ಲೆಕ್ಕ ಹಾಕಲು ಪುರುಸೊತ್ತೆಲ್ಲಿ? ರ‍್ಯಾಪಿಡ್ 3 ಅನ್ನುವ ಇಂಗ್ಲಿಷ್ ಪ್ರಶ್ನಾವಳಿ ಆದರೆ ಎಲ್ಲ ರೋಗಿಯ ಬಾಯಿಂದಲೇ. ದಿನನಿತ್ಯದ ಹತ್ತು ಕೆಲಸ ಮಾಡಲು ಆಗುತ್ತಾ, ನೋವು ಎಷ್ಟು, ಒಟ್ಟಾರೆ ಹೇಗಿದ್ದೀರಿ. ಮೂರಕ್ಕೂ ಹತ್ತತ್ತು, ಒಟ್ಟು 30. 12 ದಾಟಿದರೆ ರೋಗ ಜೋರಾಗಿದೆ, 3ರೊಳಗಿದ್ದರೆ ಹತೋಟಿಯಲ್ಲಿದೆ.

ಮೊದಲು ಮಾಡಿದ್ದು ದುಡ್ಡು ಕಳೆಯುವ ಕೆಲಸ. ಆ ಪ್ರಶ್ನೆಗಳನ್ನು ಇಬ್ಬರಿಂದ ಕನ್ನಡಕ್ಕೆ, ಸರಿಯಿದೆಯಾ ಅಂತ ನೋಡಲು ಮತ್ತಿಬ್ಬರಿಂದ ವಾಪಸ್ ಇಂಗ್ಲಿಷಿಗೆ ಅನುವಾದ ಮಾಡಿಸಿದೆ. ಎಂಟೊಂಬತ್ತು ಸಾವಿರ ಹೋಯಿತು. ವಾಪಸ್ ಬಂದ ಇಂಗ್ಲಿಷ್ ಮೂಲಕ್ಕೆ ಕನ್ನಡಿ ಹಿಡಿದ ಹಾಗಿತ್ತು. ಖುಷಿಯಲ್ಲಿ ರೋಗಿಗಳಿಗೆ ತೋರಿಸುವ ಮೊದಲೇ 500 ಪ್ರತಿ ಅಚ್ಚು ಹಾಕಿಸಿಬಿಟ್ಟೆ. ಆ ಹಾಳೆಗಳ ಹಿಂಬದಿಯಲ್ಲಿ ಇವತ್ತಿಗೂ ಟೋಕನ್ ನಂಬರ್ ಬರೆಯುತ್ತಿದ್ದೇವೆ.

ತಪ್ಪು ಎಲ್ಲಿತ್ತು ಅಂತೀರಾ? ಬೆಳಗಿನ ಬಿಗಿತಕ್ಕೆ 'ಮರಗಟ್ಟುವಿಕೆ' ಅಂತ ಹಾಕಿದ್ದರು. ಅಂಕಕ್ಕೆ ಸೇರದ ಪ್ರಶ್ನೆ, ಆದರೂ ನಮಗೆ ಬೇಕೇ ಬೇಕು. ವಾಪಸ್ ಅನುವಾದ ಮಾಡಿದವರೂ ಓದಿದವರೇ, ಆ ಪದದಿಂದ ಸರಿಯಾದ ಇಂಗ್ಲಿಷ್ ಪದಕ್ಕೇ ಬಂದು ಮುಟ್ಟಿದ್ದರು. ರೋಗಿಗಳಿಗೆ ಮಾತ್ರ ಅದು ಜೋಮು. "ಇಲ್ಲ ಮೇಡಂ, ಜೋಮು ಹಿಡಿಯಲ್ಲ" ಅಂದ ಹೆಂಗಸಿನ ಬೆರಳು ಹತ್ತು ಗಂಟೆಗೂ ಮಡಚುತ್ತಿರಲಿಲ್ಲ. ದಾರಿ ತೋರಿಸಿದ್ದು ಬಾಗೇಪಲ್ಲಿ ಕಡೆಯ ತೆಲುಗು ಮಾತಾಡುವ ಅಕ್ಕ. ಮುಷ್ಟಿ ಕಟ್ಟಲು ನೋಡಿ, ಅರ್ಧಕ್ಕೆ ನಿಲ್ಲಿಸಿ, "ಪೊದ್ದುನ್ನೇ ವೇಳ್ಳು ಪಟ್ಟೇಸ್ತಾಯಿ" ಅಂದರು. ಪಟ್ಟೇಸ್ತಾಯಿ ಅಂದ್ರೆ ಹಿಡ್ಕೊಳ್ತವೆ. ಅಯ್ಯೋ, ಕನ್ನಡದಲ್ಲೂ ಸೊಂಟ ಹಿಡ್ಕೊಂಡಿದೆ ಅಂತಲೇ ಅನ್ನುತ್ತೀವಲ್ವಾ! "ಬೆಳಗ್ಗೆ ಎದ್ದಾಗ ಕೈ ಬೆರಳು ಹಿಡ್ಕೊಂಡಿರುತ್ತಾ? ಎಷ್ಟು ಹೊತ್ತಿಗೆ ಸಡಿಲ ಆಗುತ್ತೆ?" ಅಷ್ಟೇ. ಎಂಟು ಸಾವಿರಕ್ಕೆ ಸಿಗದ ಪದ ಪುಕ್ಕಟೆ ಸಿಕ್ಕಿತು. ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆ ಓದಿದ ಮೇಲೂ "ನಿಮಗೇನು ಅರ್ಥ ಆಯ್ತು, ನಿಮ್ಮ ಮಾತಲ್ಲೇ ಹೇಳಿ" ಅಂತ ಕೇಳಿ ಬರೆದುಕೊಂಡೆವು. ನಲವತ್ತು ಜನರ ಹತ್ತಿರ.

ಹತ್ತು ಕೆಲಸಗಳ ಪಟ್ಟಿಯದು ಬೇರೆಯೇ ಕಥೆ. ಮೂಲದಲ್ಲಿ ಶೂ ಲೇಸ್ ಕಟ್ಟುವುದಿದೆ, ವಿಮಾನ ಹತ್ತುವುದಿದೆ, ಆಟ ಆಡುವುದಿದೆ. ಲೇಸ್ ಜಾಗಕ್ಕೆ ರವಿಕೆ ಹುಕ್ಕು, ಗಂಡಸರಿಗೆ ಅಂಗಿ ಗುಂಡಿ. ವಿಮಾನ ಬಿಟ್ಟು ಬಸ್ ಇಟ್ಟೆವು. ಆಟ ಅಂದಾಗ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅದನ್ನು ಮದುವೆ, ಜಾತ್ರೆಗೆ ಹೋಗಿ ಬರುವುದು ಅಂತ ಮಾಡಿದೆವು. ಇವೆಲ್ಲ ಸಲೀಸು. ಸಿಕ್ಕಿಕೊಂಡಿದ್ದು ನಲ್ಲಿ ತಿರುಗಿಸುವುದರಲ್ಲಿ. ಹದಿನೈದಿಪ್ಪತ್ತು ಜನ ಸಾಲಾಗಿ "ಆಗೋದೇ ಇಲ್ಲ" ಅಂದರು. ಮಣಿಕಟ್ಟು ನೋಡಿದರೆ ಚೆನ್ನಾಗೇ ಇದೆ. ಕೊನೆಗೆ ಒಬ್ಬಾಕೆ ಬಿಡಿಸಿ ಹೇಳಿದಳು: "ನೀರೇ ಬರಲ್ವಲ್ಲ ಮೇಡಂ, ತಿರುಗಿಸಿ ಏನ್ ಮಾಡ್ಲಿ?" ಒದ್ದೆ ಬಟ್ಟೆ ಹಿಂಡುವುದನ್ನು ಹಾಕಿ ನೋಡಿದೆವು. ಅದು ನಲ್ಲಿಗಿಂತ ತುಂಬಾ ಭಾರದ ಕೆಲಸ, ಎಲ್ಲರ ಅಂಕವೂ ಏರಿಬಿಟ್ಟಿತು. ಎರಡು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ನಲ್ಲಿಯನ್ನೇ ವಾಪಸ್ ತಂದು, ಮುಂದೆ 'ನೀರು ಬಂದಾಗ' ಅಂತ ಸೇರಿಸಿದೆವು. ಎರಡೇ ಪದ!

ನೋವಿನ ನಂಬರ್ ಉಲ್ಟಾ ಬರುತ್ತಿತ್ತು. ಮೊಮ್ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿದವರಿಗೆ ಹತ್ತಕ್ಕೆ ಹತ್ತು ಅಂದ್ರೆ ಒಳ್ಳೆಯದು. ನಗುತ್ತಾ "ಈ ಸಲ ಒಂಬತ್ತು" ಅಂದ ಅಜ್ಜಿಗೆ ಡೋಸ್ ಜಾಸ್ತಿ ಮಾಡಲು ಹೊರಟಿದ್ದೆವು, ಪುಣ್ಯಕ್ಕೆ ಮಗಳು ಜೊತೆಗಿದ್ದಳು. ಮೆಟ್ಟಿಲ ಚಿತ್ರ ಬರೆಸಿದೆ. ಮೇಲೆ ಹತ್ತಿದರೆ ಒಳ್ಳೆಯದೇ ಅಲ್ವಾ, ಅದೂ ಉಲ್ಟಾ. ಒಂದು ರೂಪಾಯಿಯ ಹತ್ತು ನಾಣ್ಯ ಇಟ್ಟು ನೋವಿದ್ದಷ್ಟು ತಗೊಳ್ಳಿ ಅಂದೆ. ದುಡ್ಡು ಅಂತ ಸಂಕೋಚಕ್ಕೆ ಎಲ್ಲರೂ ಮೂರಕ್ಕೇ ನಿಲ್ಲಿಸಿದರು. ಹುಣಸೆ ಬೀಜ ಪರವಾಗಿರಲಿಲ್ಲ, ಆದರೆ ಒಪಿಡಿ ಮುಗಿಯುವಷ್ಟರಲ್ಲಿ ಏಳೇ ಉಳಿಯುತ್ತಿದ್ದವು.

ಮಧ್ಯೆ ಒಂದು ಹುಚ್ಚಾಟವೂ ಆಯಿತು. ವಯಸ್ಸಾದವರು "ಎಂಟಾಣೆ ವಾಸಿ, ಹನ್ನೆರಡಾಣೆ ವಾಸಿ" ಅನ್ನುತ್ತಾರೆ. ರೂಪಾಯಿಗೆ ಹದಿನಾರು ಆಣೆಯ ಲೆಕ್ಕ 1957ರಲ್ಲೇ ಹೋದರೂ ಮಾತಿನಲ್ಲಿ ಉಳಿದಿದೆ. ಹದಿನಾರರ ಅಳತೆ ಮಾಡಿ ಹತ್ತಕ್ಕೆ ಇಳಿಸೋಣ ಅಂತ ಹೊರಟೆ. ನಲವತ್ತರೊಳಗಿನವರು "ಆಣೆ ಅಂದ್ರೇನು?" ಅಂದರು. ಬಿಟ್ಟೆ.

ಕೊನೆಗೆ ಕೂಡಿ ಬಂದದ್ದು ತಲೆ ಹೊರೆ. ಹೆಂಗಸೊಬ್ಬಳ ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಸೊನ್ನೆಯಿಂದ ಹತ್ತರವರೆಗೆ ದಪ್ಪ ಆಗುತ್ತಾ ಹೋಗುತ್ತದೆ. ಹೊರೆ ಜಾಸ್ತಿ ಆದರೆ ಒಳ್ಳೆಯದು ಅಂತ ನಮ್ಮ ಕಡೆ ಯಾರೂ ಅನ್ನಲ್ಲ. ಚಿತ್ರ ಬರೆದ ಹುಡುಗನಿಗೆ 600 ಕೊಟ್ಟೆ. ಇಡೀ ಕೆಲಸದಲ್ಲಿ ದಂಡವಾಗದ ದುಡ್ಡು ಅಂದ್ರೆ ಅದೊಂದೇ.

ಪ್ರಶ್ನೆಗಳಲ್ಲಿದ್ದ 'ಹೋದ ವಾರ' ಅನ್ನುವುದೂ ಕೈಕೊಟ್ಟಿತ್ತು. "ಹೋದ ವಾರ ಚೆನ್ನಾಗಿದ್ದೆ, ಈ ವಾರವೇ ಜಾಸ್ತಿ" ಅನ್ನೋರು. ಈಗ "ಹೋದ ಮಂಗಳವಾರದಿಂದ ಇವತ್ತಿನ ತನಕ" ಅಂತ ಕೇಳುತ್ತೇವೆ. ಒಟ್ಟಾರೆ ಹೇಗಿದ್ದೀರಿ ಅಂದರೆ ಸಿಗುತ್ತಿದ್ದ ಉತ್ತರ "ದೇವರು ಇಟ್ಟಂಗಿದೀನಿ". ಅದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಆ ಪ್ರಶ್ನೆಯನ್ನು ಹೇಗೆ ತಿರುಗಿಸಿದೆವು ಅನ್ನುವುದನ್ನು ಇಲ್ಲಿ ಹೇಳಲ್ಲ. ಒಂದು ಮಂಗಳವಾರ ಬಂದು ಕೂತರೆ ಕಿವಿಯಾರೆ ಕೇಳಬಹುದು.

ಮತ್ತೆ ಕೇಳಿದರೂ ಅದೇ ಉತ್ತರ ಬರುತ್ತದಾ ಅಂತ ನೋಡಲು ಮೂರು ದಿನ ಬಿಟ್ಟು ಅದೇ ಜನರನ್ನು ಮತ್ತೆ ಕರೆಸಬೇಕಲ್ಲ, ಅಲ್ಲಿ ಜೇಬು ಹರಿಯಿತು. ಕೂಲಿ ಬಿಟ್ಟು ಸುಮ್ನೆ ಯಾರು ಬರುತ್ತಾರೆ? ತಲೆಗೆ 300 ಕೊಟ್ಟೆವು, ಮೂವತ್ತು ಚಿಲ್ಲರೆ ಜನಕ್ಕೆ. 2023ರಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ಹೆಂಗಸರ ಬಸ್ ಚಾರ್ಜ್ ಉಳಿಯಿತು. ಖಾಸಗಿ ಬಸ್ಸೇ ಗತಿ ಇರುವ ಊರಿನವರಿಗೆ ಮಾತ್ರ ಅದನ್ನೂ ಕೊಟ್ಟೆವು.

ಆಮೇಲೆ ನೂರರ ಹತ್ತಿರ ಜನರಲ್ಲಿ ಡಿಎಎಸ್ 28 ಜೊತೆ ಹೋಲಿಸಿದೆವು. ಹತ್ತರಲ್ಲಿ ಏಳೆಂಟು ಜನಕ್ಕೆ ಎರಡೂ ಒಂದೇ ಮಾತು ಹೇಳಿದವು. ತಾಳೆಯಾಗದವರಲ್ಲಿ ಅರ್ಧಕ್ಕರ್ಧ ಫ್ಲೋರೈಡ್ ನೀರು ಕುಡಿಯುವ ಊರಿನವರು. ಊತ ಇಲ್ಲ, ಇಎಸ್‌ಆರ್ ಕಡಿಮೆ, ಆದರೂ ಅಂಕ 15, 16. ಅದು ಹಾಳೆಯ ತಪ್ಪಲ್ಲ, ಫ್ಲೋರೈಡಿನಿಂದಲೂ ಮೂಳೆ, ಕೀಲು ನೋಯುತ್ತವೆ, ನೋವಂತೂ ನಿಜ. ಅಂಥವರಿಗೆ ಅಂಕ ನೋಡಿ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ಏರಿಸಬೇಡಿ, ಊರಿನ ನೀರು ಕೇಳಿ.

ಇನ್ನೊಂದು ಪ್ರಶ್ನೆಯನ್ನು ಅಂಕಕ್ಕೆ ಸೇರಿಸದೆ ಕೊನೆಯಲ್ಲಿ ಇಟ್ಟಿದ್ದೇನೆ: "ಮುದ್ದೆ ತಿರುವೋಕೆ ಆಗುತ್ತಾ?" ಕೀಲು ಊದುವ ಒಂದೆರಡು ವಾರ ಮೊದಲೇ ಹೆಂಗಸರು ಅದನ್ನು ಸೊಸೆಗೆ ಬಿಟ್ಟಿರುತ್ತಾರೆ. ಗಂಡಸರ ಹತ್ತಿರ ಕೇಳಿ ಪ್ರಯೋಜನ ಇಲ್ಲ, "ನಾನ್ಯಾಕೆ ತಿರುವ್ಲಿ?" ಅಂತಾರೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಹೆಂಗಸರ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೇ ಗೂಡು ಬೇಯಿಸಿದ ಬಿಸಿ ನೀರಿಗೆ ಕೈ ಹಾಕುತ್ತಾರೆ. ಬೆರಳು ಅಲ್ಲೇ ಸಡಿಲ. ಎಷ್ಟು ಹೊತ್ತು ಹಿಡ್ಕೊಂಡಿರುತ್ತೆ ಅಂದರೆ "ಹತ್ತು ನಿಮಿಷ" ಅಂತಾರೆ. ರಜದ ದಿನ ಎಷ್ಟು ಹೊತ್ತು ಅಂತ ಕೇಳಿದರೆ ಮಧ್ಯಾಹ್ನ ಊಟದವರೆಗೆ ಅನ್ನುತ್ತಾರೆ. ಎರಡರಲ್ಲಿ ಯಾವುದು ಬರೆದುಕೊಳ್ಳಬೇಕೋ, ಸದ್ಯಕ್ಕೆ ಎರಡನ್ನೂ ಬರೆಯುತ್ತಿದ್ದೇವೆ.