ಅಳಿವೆಯಲ್ಲಿ ಒಡೆದ ಹಡಗಿನ ಇತಿಹಾಸ ಹುಡುಕುವುದು ಹೇಗೆ?

ಮಲೆನಾಡಿನ ಸಾಗರ ಊರಿನ ಮನೆಯಲ್ಲಿ ಕೂತು ಎಲ್ಲೋ ಮುಳುಗಿದ ಯುದ್ಧನೌಕೆಯ ಇತಿಹಾಸ ಬರೆಯಬಹುದಾ? ಬರೆಯಬಹುದು. ಆದರೆ ಹಡಗಿನಿಂದ ಶುರು ಮಾಡಬೇಡಿ, ಮರಳಿನಿಂದ ಶುರು ಮಾಡಿ.

ಮೊದಲ ಪಾಠ ನಿಮ್ಮ ತೋಟದ ಹಳ್ಳದಲ್ಲೇ ಇದೆ. ಜೋರು ಮಳೆ ಬಂದು ಹೋದ ಮೇಲೆ ಹಳ್ಳ ಹೊಳೆಗೆ ಸೇರುವ ಜಾಗಕ್ಕೆ ಹೋಗಿ. ರಭಸದಲ್ಲಿ ಬಂದ ನೀರು ಅಲ್ಲಿ ನಿಧಾನವಾಗಿ, ಹೊತ್ತು ತಂದ ಮರಳನ್ನೆಲ್ಲ ಇಳಿಸಿ ಒಂದು ದಿಬ್ಬ ಮಾಡಿರುತ್ತದೆ. ಅದರ ತುದಿಗೆ ಒಂದು ಅಡಿಕೆ ದಬ್ಬೆ ನೆಟ್ಟು ಬನ್ನಿ. ಇನ್ನೊಂದು ಮಳೆ ಆದ ಮೇಲೆ ನೋಡಿದರೆ ದಬ್ಬೆ ಒಂದು ಕಡೆ, ದಿಬ್ಬ ಇನ್ನೊಂದು ಕಡೆ. ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಬಾಯಲ್ಲಿ, ನಡೆಯುವುದೂ ಇದೇ, ಅಲ್ಲಿ ಎದುರಿನಿಂದ ಸಮುದ್ರದ ಅಲೆಯೂ ತಳ್ಳುತ್ತಿರುತ್ತದೆ ಅಷ್ಟೇ. ಇಳಿತದ ಹೊತ್ತಿನಲ್ಲಿ ಹೊರಗೆ ಹರಿಯುವ ನೀರಿಗೆ ಒಳಗೆ ಬರುವ ಅಲೆ ಡಿಕ್ಕಿ ಹೊಡೆದರೆ ಅಲೆ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ.

ಇದು ತಲೆಗೆ ಹೋದ ಮೇಲೆ ಒಂದೇ ಒಂದು ಹಡಗು ಆರಿಸಿಕೊಳ್ಳಿ. ನಾನು ಆರಿಸಿಕೊಂಡದ್ದು ಅಮೆರಿಕದ ನೌಕಾಪಡೆಯ 'ಶಾರ್ಕ್', 1821ರಲ್ಲಿ ಕಟ್ಟಿದ ಪುಟ್ಟ ಹಾಯಿಹಡಗು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ಪ್ರದೇಶ ಬ್ರಿಟನ್ನಿನದೋ ಅಮೆರಿಕದ್ದೋ ಅಂತ ಜಗಳ ಇದ್ದಾಗ ಇದನ್ನು ಅಲ್ಲಿನ ಕೊಲಂಬಿಯಾ ನದಿಗೆ ಕಳಿಸಿದ್ದರು. ವಾಪಸ್ ಹೊರಟಾಗ, 1846ರ ಸೆಪ್ಟೆಂಬರ್ 10ರಂದು, ಅಳಿವೆಯ ಮರಳಿಗೆ ಸಿಕ್ಕಿ ಒಡೆದುಹೋಯಿತು. ಒಂದು ಜೀವವೂ ಹೋಗಲಿಲ್ಲ. ನನಗೆ ಸಂಕಟ ಆಗುವುದು ಇಲ್ಲಿ: ಗಡಿ ಒಪ್ಪಂದಕ್ಕೆ ಜೂನ್ 15ಕ್ಕೇ ಸಹಿ ಬಿದ್ದಿತ್ತು, ಸುದ್ದಿ ಮಾತ್ರ ಇನ್ನೂ ಅಲ್ಲಿಗೆ ತಲುಪಿರಲಿಲ್ಲ.

ಈಗ ತಾರೀಖುಗಳನ್ನು ಪಕ್ಕಪಕ್ಕ ಬರೆಯಿರಿ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೆ. ಹಡಗು ಒಡೆದ ದಿನ ಒಂದು ಕಡೆ, ಆ ಅಳಿವೆಯ ನಕ್ಷೆ ತಯಾರಾದ ವರ್ಷ ಇನ್ನೊಂದು ಕಡೆ. ಕೊಲಂಬಿಯಾದ ಅಳಿವೆಯನ್ನು ವಿಲ್ಕ್ಸ್ ಎಂಬ ಅಧಿಕಾರಿಯ ತಂಡ ಅಳೆದದ್ದು 1841ರಲ್ಲಿ. ಅದೇ ವರ್ಷ ಜುಲೈ 18ರಂದು ಆ ತಂಡದ್ದೇ ಹಡಗು 'ಪೀಕಾಕ್' ಅಲ್ಲಿ ಮರಳಿಗೆ ಸಿಕ್ಕಿ ನಾಶವಾಗಿತ್ತು, ಆ ಮರಳದಿಬ್ಬಕ್ಕೆ ಇವತ್ತಿಗೂ ಅದರದೇ ಹೆಸರು. ಶಾರ್ಕ್ ಬರುವ ಹೊತ್ತಿಗೆ ಆ ಅಳತೆ ಐದು ವರ್ಷ ಹಳೆಯದಾಗಿತ್ತು. ನಿಮ್ಮ ದಬ್ಬೆ ಒಂದೇ ಮಳೆಗೆ ಸುಳ್ಳು ಹೇಳಿತು, ಅಲ್ವಾ? ಹಾಗಾಗಿ ಸುಮ್ನೆ ಕಪ್ತಾನನ ತಪ್ಪು ಅಂತ ಬರೆದುಬಿಡಬೇಡಿ. ಮೊದಲು ಕಪ್ತಾನನ ವರದಿ ಓದಿ.

ಆಮೇಲೆ ಒಡೆದ ಚೂರುಗಳ ಹಿಂದೆ ಹೋಗಿ. ಶಾರ್ಕ್‌ನ ಒಂದು ಭಾಗ ಫಿರಂಗಿಗಳ ಸಮೇತ ದಕ್ಷಿಣಕ್ಕೆ ತೇಲಿಹೋಗಿ ದಡಕ್ಕೆ ಬಿತ್ತು. ಮರಳಿನಲ್ಲಿ ಕಳೆದುಹೋಗಿದ್ದ ಒಂದು ಗಿಡ್ಡ ಫಿರಂಗಿ 1898ರಲ್ಲಿ ಮತ್ತೆ ಸಿಕ್ಕಿತು. ಹತ್ತಿರದ ಊರಿನ ಹೆಸರೇ ಈಗ ಕ್ಯಾನನ್ ಬೀಚ್, ಅಂದರೆ ಫಿರಂಗಿ ಕಡಲತೀರ. 2008ರಲ್ಲಿ ಇನ್ನೂ ಎರಡು ಮರಳಿನಿಂದ ಮೇಲೆ ಬಂದವು. ಊರಿನ ಹೆಸರು ಕೂಡ ದಾಖಲೆಯೇ, ಬಿಡಬೇಡಿ.

ಬರೆಯುವ ಮುಂಚೆ ಒಂದು ಸಲ ಹೊನ್ನಾವರಕ್ಕೆ ಹೋಗಿ ಬನ್ನಿ. ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ 253 ಮೀಟರ್ ಧುಮುಕಿದ ನಮ್ಮ ಶರಾವತಿ ಸಮುದ್ರ ಸೇರುವುದು ಅಲ್ಲೇ. ಇಳಿತದ ಹೊತ್ತಿಗೆ ದೂರದ ದಡದಲ್ಲಿ ನಿಲ್ಲಿ, ನೀರಿಗೆ ಇಳಿಯಬೇಡಿ. ಬಿಳಿ ನೊರೆ ಎಲ್ಲಿ ಒಡೆಯುತ್ತದೆಯೋ ಅದರ ಕೆಳಗೆ ಮರಳಿದೆ. ದೋಣಿಯವರು ಯಾವ ದಾರಿ ಬಿಟ್ಟು ಯಾವ ದಾರಿಯಲ್ಲಿ ಹೋಗುತ್ತಾರೆ ಅಂತ ನೋಡಿ, ಅವರನ್ನೇ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಪಕ್ಕದಲ್ಲಿ ಅವತ್ತಿನ ತಾರೀಖು ಹಾಕಿ.