ಟಿ1 ಅಳೆಯುವ ಮೊದಲು ಒಂದು ಮೊಟ್ಟೆ ಬೇಯಿಸಿ

3 ಟೆಸ್ಲಾ ಎಂಆರ್‌ಐಯಲ್ಲಿ ಮಿದುಳಿನ ಬಿಳಿ ದ್ರವ್ಯದ ಟಿ1 (ಪಲ್ಸಿನಿಂದ ಕದಡಿದ ಪ್ರೋಟಾನ್‌ಗಳ ಕಾಂತತ್ವ ಮೊದಲ ಸ್ಥಿತಿಗೆ ಮರಳುವ ಸಮಯದ ಅಳತೆ) ಎಷ್ಟಿರಬೇಕೆಂದು ವಿದ್ಯಾರ್ಥಿಗಳು ಕೇಳಿದಾಗ, ಯಾವ ರೇಡಿಯೋ ಪಲ್ಸಿನಿಂದ ಅಳೆದಿರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಇದು ಕೊಂಕಲ್ಲ. ಪ್ರಕಟವಾದ ಬೆಲೆಗಳೇ ಸುಮಾರು 700ರಿಂದ 1100 ಮಿಲಿಸೆಕೆಂಡ್‌ವರೆಗೆ ಹರಡಿಕೊಂಡಿವೆ. ಅಷ್ಟು ವ್ಯತ್ಯಾಸಕ್ಕೆ ಕಾಂತತ್ವ ವರ್ಗಾವಣೆಯೂ ಒಂದು ಮುಖ್ಯ ಕಾರಣ.

ಮೈಲಿನ್ (ನರತಂತುಗಳ ಹೊದಿಕೆ), ಪ್ರೋಟೀನ್‌ಗಳಲ್ಲಿರುವ ಪ್ರೋಟಾನ್‌ಗಳ ಟಿ2, ಅಂದರೆ ಸಂಕೇತ ಅಳಿಯುವ ಸಮಯ, ಸುಮಾರು 10 ಮೈಕ್ರೋಸೆಕೆಂಡ್. ನಾವು ಸಂಕೇತ ಓದುವ ಹೊತ್ತಿಗೆ ಅವುಗಳ ಸದ್ದಡಗಿರುತ್ತದೆ. ಆದರೆ ರೇಡಿಯೋ ಪಲ್ಸಿನ ಏಟು ಅವುಗಳಿಗೂ ಬೀಳುತ್ತದೆ, ಅವು ಅದನ್ನು ಪಕ್ಕದ ನೀರಿಗೆ ದಾಟಿಸುತ್ತವೆ. ಇದೇ ಕಾಂತತ್ವ ವರ್ಗಾವಣೆ. 1989ರಲ್ಲಿ ಸಂಶೋಧಕರಾದ ವುಲ್ಫ್ ಮತ್ತು ಬಲಬಾನ್ ಇದನ್ನು ಬೇಕೆಂದೇ ಉಂಟುಮಾಡಿ ಚಿತ್ರ ತೆಗೆದರು. ಟಿ1 ಅಳತೆಯಲ್ಲಿ ಅದು ಕರೆಯದೆ ಬರುವ ಅತಿಥಿ.

ಬಂದಿದೆಯೇ ಎಂದು ತಿಳಿಯಲು ಎರಡು ಸಣ್ಣ ನಳಿಕೆಗಳು ಸಾಕು. ಒಂದರಲ್ಲಿ ಹಸಿ ಮೊಟ್ಟೆಯ ಬಿಳಿಯನ್ನು ಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ಅವಸರ ಮಾಡಿದರೆ ಗುಳ್ಳೆಗಳು ಉಳಿದು ಚಿತ್ರ ಕೆಡುತ್ತದೆ. ಹಳದಿ ಬೆರೆಯಬಾರದು, ಅದರಲ್ಲಿ ಕೊಬ್ಬಿದೆ. ನಳಿಕೆಯನ್ನು ಕುದಿಯುವ ನೀರಿನಲ್ಲಿಟ್ಟು ಬಿಳಿ ಗಟ್ಟಿಯಾದ ಮೇಲೆ ತಣಿಸಿ ಮುಚ್ಚಿ. ಇನ್ನೊಂದರಲ್ಲಿ 0.1 ಮಿಲಿಮೋಲಾರ್ ಮ್ಯಾಂಗನೀಸ್ ಕ್ಲೋರೈಡ್ ದ್ರಾವಣ. ಅದರ ಟಿ1 ಒಂದು ಸೆಕೆಂಡಿನ ಆಸುಪಾಸು, ವರ್ಗಾವಣೆ ಇಲ್ಲ. ಎರಡನ್ನೂ ರಾತ್ರಿಯಿಡೀ ಸ್ಕ್ಯಾನರ್ ಕೋಣೆಯಲ್ಲೇ ಬಿಡಿ. ಟಿ1 ಉಷ್ಣತೆಯೊಂದಿಗೆ ಬದಲಾಗುವುದರಿಂದ ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಈಗ ಫ್ಲಿಪ್ ಕೋನ (ಪಲ್ಸ್ ಕಾಂತತ್ವವನ್ನು ಓರೆಯಾಗಿಸುವ ಕೋನ) ಬದಲಿಸುವ ವಿಧಾನದಲ್ಲಿ ಅಳೆಯಿರಿ, 3 ಮತ್ತು 15 ಡಿಗ್ರಿಗಳಲ್ಲಿ. ಪಲ್ಸಿನ ಅವಧಿ ಒಂದೇ ಇದ್ದರೆ ಅದರ ಶಕ್ತಿ ಕೋನದ ವರ್ಗದಂತೆ ಏರುತ್ತದೆ, ಅಂದರೆ 25 ಪಟ್ಟು. ವರ್ಗಾವಣೆ ಇದ್ದರೆ ದೊಡ್ಡ ಕೋನದಲ್ಲಿ ನೀರಿನ ಸಂಕೇತವು ಟಿ1 ಲೆಕ್ಕದ ಸೂತ್ರ ಹೇಳುವುದಕ್ಕಿಂತ ಹೆಚ್ಚು ಕುಗ್ಗುತ್ತದೆ. ಸೂತ್ರ ಅದನ್ನು ಉದ್ದನೆಯ ಟಿ1 ಎಂದು ಓದುತ್ತದೆ. ಬಳಿಕ ಪಲ್ಸನ್ನು 0.5ರಿಂದ 2 ಮಿಲಿಸೆಕೆಂಡ್‌ಗೆ ಹಿಗ್ಗಿಸಿ, ಉಳಿದುದೇನನ್ನೂ ಮುಟ್ಟದೆ ಮತ್ತೊಮ್ಮೆ ಅಳೆಯಿರಿ. ಎಕೋ ಸಮಯವನ್ನು (ಪಲ್ಸಿನಿಂದ ಸಂಕೇತ ಓದುವವರೆಗಿನ ಅವಧಿ) ಮೊದಲೇ ಉದ್ದ ಪಲ್ಸಿಗೆ ಹೊಂದುವಂತೆ ಇಟ್ಟಿರಿ. ಮೊಟ್ಟೆಯ ಟಿ1 ಸರಿದು ದ್ರಾವಣದ್ದು ನಿಂತಲ್ಲೇ ನಿಂತರೆ ಕಾರಣ ವರ್ಗಾವಣೆ. ಎರಡೂ ಸರಿದರೆ ಫ್ಲಿಪ್ ಕೋನದ ಕಡೆ ಅನುಮಾನ ಪಡಿ, ಬಿ1 ನಕ್ಷೆ (ರೇಡಿಯೋ ಕ್ಷೇತ್ರದ ಬಲದ ನಕ್ಷೆ) ತೆಗೆಯಿರಿ. ದ್ರಾವಣದ ಫ್ಯಾಂಟಮ್ (ಪರೀಕ್ಷಾ ಮಾದರಿ) ಒಂದರಲ್ಲೇ ಪರೀಕ್ಷಿಸಿ ವಿಧಾನ ನಿಖರ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ.

ಪಲ್ಸ್ ಬರೆಯುವ ಅವಕಾಶ ಇದ್ದವರು ಸಣ್ಣ ಕೋನದ ಪಲ್ಸಿಗೆ, ನೀರಿನ ಅನುರಣನ ಆವೃತ್ತಿಯಿಂದ ಕೆಲವು ಕಿಲೋಹರ್ಟ್ಸ್ ಆಚೀಚೆ, ಹೆಚ್ಚುವರಿ ಶಕ್ತಿ ಸೇರಿಸಿ ಎಲ್ಲ ಕೋನಗಳ ಒಟ್ಟು ಶಕ್ತಿಯನ್ನು ಸಮ ಮಾಡಬಹುದು. ನೀರಿಗೆ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಘನಾಂಶದ (ಮೈಲಿನ್, ಪ್ರೋಟೀನ್) ಪ್ರೋಟಾನ್‌ಗಳು ಪ್ರತಿ ಕೋನದಲ್ಲೂ ಒಂದೇ ಮಟ್ಟದ ಏಟು ತಿನ್ನುತ್ತವೆ. 2019ರಲ್ಲಿ ಟಿಶೇರಾ ಮತ್ತು ಸಂಗಡಿಗರು ತೋರಿಸಿದ ದಾರಿ ಇದು. ಫಲಿತಾಂಶ ಸ್ಥಿರವಾಗುತ್ತದೆ, ಆದರೆ ಅದು ಆ ಶಕ್ತಿಮಟ್ಟದ ಟಿ1 ಮಾತ್ರ.

ಆ ಅವಕಾಶ ಇಲ್ಲದವರು ಇನ್ವರ್ಷನ್ ರಿಕವರಿಯನ್ನು (ಕಾಂತತ್ವವನ್ನು ತಲೆಕೆಳಗಾಗಿ ತಿರುಗಿಸಿ ಅದು ಮರಳುವುದನ್ನು ಅಳೆಯುವ ವಿಧಾನ) ಒಂದೇ ಸ್ಲೈಸಿಗೆ, ಅಂದರೆ ಚಿತ್ರದ ಒಂದೇ ಪದರಕ್ಕೆ, ನಡೆಸಿ. ಹಲವು ಸ್ಲೈಸ್ ಇಟ್ಟರೆ ನೆರೆಯ ಸ್ಲೈಸಿನ ಪಲ್ಸುಗಳೇ ಇಲ್ಲಿ ವರ್ಗಾವಣೆಯ ಪಲ್ಸುಗಳಾಗುತ್ತವೆ. ತಿರುಗಿಸಿದ ಕೂಡಲೇ ಕೆಲವು ಹತ್ತು ಮಿಲಿಸೆಕೆಂಡ್‌ಗಳಲ್ಲಿ ಕಾಣುವ ವೇಗದ ಏರಿಕೆಯನ್ನು ಒಂಟಿ ಘಾತೀಯ ರೇಖೆಗೆ ಬಲವಂತವಾಗಿ ಹೊಂದಿಸಬೇಡಿ. ವರದಿಯಲ್ಲಿ ಟಿ1 ಪಕ್ಕದಲ್ಲೇ ಪಲ್ಸಿನ ಆಕಾರ, ಅವಧಿ, ಕೋನ, ಪಲ್ಸುಗಳ ನಡುವಿನ ಪುನರಾವರ್ತನೆ ಸಮಯ ಬರೆಯಿರಿ.